ಹೊಸದಾಗಿ ಕಲಿಯುತ್ತಿದ್ದೇನೆ; ಮನೆಯಲ್ಲಿ ಸಯನೋಟೈಪ್ (ದ್ರಾವಣ ಹಚ್ಚಿದ ಹಾಳೆಯನ್ನು ಬಿಸಿಲಿಗಿಟ್ಟು ನೀಲಿ ಚಿತ್ರ ಮೂಡಿಸುವುದು) ಮಾಡಿದರೆ ತೊಳೆಯುವಾಗ ನೀಲಿಯೆಲ್ಲ ಹರಿದುಹೋಗುತ್ತಿದೆ, ಏಕೆ?

ಹೆಚ್ಚಿನ ಸಲ ಕಾರಣ ಎರಡೇ: ಬಿಸಿಲು ಸಾಲದು, ಇಲ್ಲವೇ ಕಾಗದ ಸರಿಯಿಲ್ಲ. ನೀವು ಹೊಸಬರು ಎಂದಿದ್ದೀರಿ, ಹಾಗಾಗಿ ಮೊದಲಿಂದ ಹೇಳುತ್ತೇನೆ.

1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಈ ವಿಧಾನಕ್ಕೆ ಎರಡು ದ್ರಾವಣ ಸಾಕು. ಒಂದರಲ್ಲಿ 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 25 ಗ್ರಾಂ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದರಲ್ಲಿ ಅಷ್ಟೇ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಕೊಳ್ಳುವಾಗ ಹರಳು ನೋಡಿ. ಫೆರಿಸಯನೈಡ್ ಕೆಂಪಗಿರುತ್ತದೆ. ತಿಳಿಹಳದಿ ಇದ್ದರೆ ಅದು ಫೆರೊಸಯನೈಡ್, ಬೆರೆಸಿದ ಕೂಡಲೇ ನೀಲಿಗಟ್ಟಿ ಕೆಡುತ್ತದೆ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ. ಬಚ್ಚಲು ತೊಳೆಯುವ ಆಸಿಡ್ ಫೆರಿಸಯನೈಡ್‌ಗೆ ಸೋಕಲೇಬಾರದು, ವಿಷಾನಿಲ ಏಳುತ್ತದೆ.

ಪರದೆ ಎಳೆದ ಕೋಣೆಯಲ್ಲಿ, ಮಂದ ಬಲ್ಬಿನ ಬೆಳಕಲ್ಲಿ ಎರಡನ್ನೂ ಸಮಸಮ ಬೆರೆಸಿ ಸ್ಪಂಜಿನ ಬ್ರಷ್‌ನಿಂದ ತೆಳ್ಳಗೆ ಹಚ್ಚಿ. ಎ4 ಹಾಳೆಗೆ ಸುಮಾರು 3 ಮಿ.ಲೀ. ಸಾಕು. ಕಬ್ಬಿಣದ ಪಟ್ಟಿಯಿರುವ ಬ್ರಷ್ ನೀಲಿ ಚುಕ್ಕೆ ಬಿಡುತ್ತದೆ. ಹಾಳೆ ಕತ್ತಲಲ್ಲಿ ಪೂರ್ತಿ ಒಣಗಬೇಕು. ಹಸಿಯಿದ್ದರೆ ಬಣ್ಣ ಕಿತ್ತುಬರುತ್ತದೆ.

ಕಾಗದದಲ್ಲಿ ಮಾತ್ರ ಜಿಪುಣತನ ಬೇಡ. ಜೆರಾಕ್ಸ್ ಹಾಳೆಯಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಕ್ಷಾರ, ಈ ನೀಲಿಗೆ ಕ್ಷಾರವೇ ಶತ್ರು. ಕಾಟನ್‌ನಿಂದ ಮಾಡಿದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ವಾಟರ್‌ಕಲರ್ ಹಾಳೆ ತೊಳೆದರೂ ಹರಿಯುವುದಿಲ್ಲ.

ಮೊದಲ ಪ್ರಯೋಗಕ್ಕೆ ಜರಿಗಿಡ ಅಥವಾ ಕೊತ್ತಂಬರಿ ಸೊಪ್ಪು ಚೆನ್ನ. ಹಿಂದಿನ ದಿನವೇ ನ್ಯೂಸ್‌ಪೇಪರಿನ ನಡುವೆ ಭಾರ ಹೇರಿಟ್ಟು ಚಪ್ಪಟೆ ಮಾಡಿ. ಹಾಳೆಯ ಮೇಲಿಟ್ಟು ಗಾಜು ಒತ್ತಿ ಕ್ಲಿಪ್ ಹಾಕಿ. ಎಲೆ ಎದ್ದುನಿಂತಲ್ಲಿ ಅಂಚು ಮಬ್ಬಾಗುತ್ತದೆ.

ನೆತ್ತಿಯ ಬಿಸಿಲಿಗೆ 5ರಿಂದ 15 ನಿಮಿಷ, ಮೋಡವಿದ್ದರೆ ಅರ್ಧ ಗಂಟೆಗೂ ಹೆಚ್ಚು. ಆದರೆ ಗಡಿಯಾರಕ್ಕಿಂತ ಬಣ್ಣವನ್ನು ನಂಬಿ. ಹಳದಿ-ಹಸಿರು ಮೊದಲು ನೀಲಿಯಾಗುತ್ತದೆ. ಬಹಳ ಜನ ಅಲ್ಲೇ ಎತ್ತಿಬಿಡುತ್ತಾರೆ, ನಿಮ್ಮದೂ ಹರಿದುಹೋಗುವುದು ಬಹುಶಃ ಇದಕ್ಕೇ. ಅದು ಕಂದು ಬೆರೆತ ಬೂದಿಬಣ್ಣಕ್ಕೆ ತಿರುಗುವವರೆಗೆ ಕಾಯಿರಿ.

ಆಮೇಲೆ ತಣ್ಣೀರಲ್ಲಿ, ನೀರಿನ ಹಳದಿ ಹೋಗುವ ತನಕ ತೊಳೆಯಿರಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಮೊದಲ ತೊಳೆತಕ್ಕೆ ಲೀಟರಿಗೆ ಒಂದು ಚಮಚ ವಿನೆಗರ್ ಹಾಕಿ. ಒಣಗಿದಂತೆ ನೀಲಿ ಗಾಢವಾಗುತ್ತದೆ, ಒಂದು ದಿನ ಕಾಯದೆ ತೀರ್ಮಾನಿಸಬೇಡಿ. ಎಲೆಯಡಿ ಬಿಳಿಯಾಗಿ ಉಳಿಯಬೇಕಾದ ಭಾಗವೂ ನೀಲಿಯಾಗಿದ್ದರೆ ಹಚ್ಚಿದ ಹಾಳೆಗೆ ಮೊದಲೇ ಬೆಳಕು ತಾಗಿದೆ, ಇಲ್ಲವೇ ಹಾಳೆ ಹಳತಾಗಿದೆ. ಹಚ್ಚಿದ್ದನ್ನು ಅದೇ ದಿನ ಬಳಸಿ.