'ನಮ್ದೇ' ಮತ್ತು 'ನಮ್ದು'

ತೀರ್ಥಹಳ್ಳಿ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಬೇಸಿಗೆ ರಜೆಗೆ ಬಂದ ಮೊಮ್ಮಗ ಮೊಬೈಲ್ ನೋಡುತ್ತಾ 'ಬೆಂಕಿ, ಬೆಂಕಿ' ಅಂತ ಕೂಗಿದ. ಸೊಪ್ಪಿನ ಬೆಟ್ಟಕ್ಕೇ ಬೆಂಕಿ ಬಿತ್ತು ಅಂತ ನಾನು ಕತ್ತಿ ಹಿಡಿದು ಅಂಗಳಕ್ಕೆ ಓಡಿದೆ. ನೋಡಿದರೆ ಯಾರೋ ಸಿಕ್ಸರ್ ಹೊಡೆದಿದ್ದರು. ದಿನವಿಡೀ 'ಗುರು', 'ಬಾಸ್', 'ಈ ಸಲ ಕಪ್ ನಮ್ದೇ'. 'ನಮ್ಮದು' ಅಂತ ನೆಟ್ಟಗೆ ಬರೆಯಲೂ ಬಾರದ ಈ ಅಭಿಮಾನಿಗಳಿಂದ ಕನ್ನಡ ಕೆಡುತ್ತಿದೆ. ನೀವು ಸುಮ್ನಿದ್ದೀರಲ್ಲ?"

ಮೇಷ್ಟ್ರೇ, ನಮಸ್ಕಾರ. ದರಗು ಒಣಗಿದ ಕಾಲದಲ್ಲಿ 'ಬೆಂಕಿ' ಅಂದರೆ ಮಲೆನಾಡಿನವರ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ 'ಬೆಂಕಿಯಂಥ ಹುಡುಗ' ಅಂತ ನಾವೂ ಹೇಳುತ್ತಿದ್ದೆವು. ಈಗಿನವರು ಆ 'ಅಂಥ'ವನ್ನು ಬಿಟ್ಟಿದ್ದಾರೆ, ಅಷ್ಟೇ.

ನಿಮ್ಮ ಮಾತು ನಾನು ಒಪ್ಪದಿರುವುದು 'ನಮ್ದೇ' ವಿಷಯದಲ್ಲಿ. ಅದು ಆಡುವ ಮಾತನ್ನು ಆಡಿದ ಹಾಗೇ ಬರೆದದ್ದು. 'ಆ ತೋಟ ನಮ್ದು' ಅಂತಲೇ ನಾವೂ ಹೇಳುವುದು, ಅಲ್ವಾ? ಇನ್ನು ಕೊನೆಯ 'ಏ' ನೋಡಿ. ನೀವೇ ವರ್ಷಗಟ್ಟಲೆ ಪಾಠ ಮಾಡಿದ ಅವಧಾರಣೆಯ, ಅಂದರೆ ಒತ್ತಿ ಹೇಳುವ 'ಏ' ಅದು. ಈ ಕೂಗು ಬೆಂಗಳೂರಿನ ಕ್ರಿಕೆಟ್ ತಂಡ ಆರ್‌ಸಿಬಿಯ ಅಭಿಮಾನಿಗಳದ್ದು. ಆ ತಂಡ ಐಪಿಎಲ್ ಆಡಲು ಶುರು ಮಾಡಿದ್ದು 2008ರಲ್ಲಿ. 2009, 2011, 2016ರಲ್ಲಿ ಫೈನಲ್‌ವರೆಗೂ ಹೋಗಿ ಸೋತಿತು. ಬೇರೆ ತಂಡಗಳ ಅಭಿಮಾನಿಗಳು ಇದೇ ಸಾಲನ್ನು ಹಿಡಿದು ಆಡಿಕೊಂಡು ನಕ್ಕರು. ನಮ್ಮ ಹುಡುಗರು ಮಾತ್ರ 'ಏ' ಬಿಡಲಿಲ್ಲ. ಕೈಯಲ್ಲಿ ಕಪ್ ಇಲ್ಲದವರಿಗೇ ಅದು ಬೇಕಾಗಿತ್ತು.

ಗೆದ್ದಾಗ ಏನಾಯ್ತು ಗೊತ್ತಾ? 2024ರ ಮಾರ್ಚ್ 17ರಂದು ಆರ್‌ಸಿಬಿಯ ಮಹಿಳಾ ತಂಡ ದೆಹಲಿಯಲ್ಲಿ ಕಪ್ ಎತ್ತಿತು. ಇಷ್ಟು ದಿನ 'ನಮ್ದೇ' ಅನ್ನುತ್ತಿದ್ದಿರಿ, ಈಗ 'ಈ ಸಲ ಕಪ್ ನಮ್ದು' ಎಂದರು ನಾಯಕಿ ಸ್ಮೃತಿ ಮಂದಾನ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಗೆದ್ದ ಮೇಲೆ ಪುರುಷರ ತಂಡದ ನಾಯಕ ರಜತ್ ಪಾಟೀದಾರ್ ಕೂಡ 'ನಮ್ದು' ಅಂದರು. ಆಕೆ ಸಾಂಗ್ಲಿಯವರು, ಇವರು ಇಂದೋರಿನವರು. ಆದರೂ 'ಏ' ಬಿದ್ದುಹೋದದ್ದು ಸರಿಯಾದ ಹೊತ್ತಿಗೆ. ನಿಮ್ಮ ಮೊಮ್ಮಗನಂಥವರು ಕೂಗಿ ಕೂಗಿ ಕಲಿಸಿದ ವ್ಯಾಕರಣ ಇದು ಮೇಷ್ಟ್ರೇ. ನನಗಂತೂ ಆ ದಿನ ಕಪ್‌ಗಿಂತ ಈ ಮಾತಿಗೇ ಜಾಸ್ತಿ ಖುಷಿಯಾಯಿತು.

ಅಭಿಮಾನಿಗಳ ಬಳಗಕ್ಕೆ ಅದರದೇ ಮಾತು ಇರುವುದು ಹೊಸದಲ್ಲ. ರಾಜ್‌ಕುಮಾರ್ ಅವರ 'ಅಭಿಮಾನಿ ದೇವರುಗಳೇ' ಇವತ್ತಿಗೂ ನಮ್ಮೆಲ್ಲರ ಬಾಯಲ್ಲಿದೆ.

ಆದರೆ ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳನ್ನು ಎಳೆದು ತಂದು ಬೈಯುವುದಕ್ಕೆ 'ಟ್ರೋಲ್' ಅಂತ ಹೆಸರಿಟ್ಟಿದ್ದಾರೆ. ಅದು ಬೈಗುಳ. ಮೊಮ್ಮಗ ಅಂಥದ್ದನ್ನು ಟೈಪ್ ಮಾಡಿದರೆ ಖಂಡಿತ ಗದರಿಸಿ.

ನನ್ನ ಚಿಂತೆ ಬೇರೆ. 'ಗುರು', 'ಮಗಾ' ಎಲ್ಲ ಬೆಂಗಳೂರು, ಮೈಸೂರು ಕಡೆಯ ಕರೆ. ಅವೂ ಒಳ್ಳೆಯವೇ. ಆದರೆ ಅವುಗಳ ನಡುವೆ ನಮ್ಮ 'ಎಂತ ಮಾರಾಯಾ' ಕಾಣದೇ ಹೋದರೆ ನನಗೆ ಸಂಕಟವಾಗುತ್ತದೆ. ಮನೆಯಲ್ಲಿ ನೀವು ಅವನ ಜೊತೆ ಹಾಗೇ ಮಾತಾಡಿ. ಅವನು ಸಿಕ್ಸರ್ ನೋಡುವಾಗ ಪಕ್ಕದಲ್ಲಿ ಕೂತು 'ಎಂತ ಹೊಡೆದ ಮಾರಾಯಾ' ಅನ್ನಿ. ಕಿವಿಗೆ ಬಿದ್ದದ್ದು ಒಂದು ದಿನ ಅವನ ಬೆರಳಿಗೂ ಬರುತ್ತದೆ.

ರಜೆ ಮುಗಿಯುವ ಮೊದಲು 'ನಮ್ದೇ', 'ನಮ್ದು' ಎರಡಕ್ಕೂ ಏನು ವ್ಯತ್ಯಾಸ ಅಂತ ಅವನನ್ನೇ ಕೇಳಿ ನೋಡಿ. ಉತ್ತರವನ್ನು ತಿದ್ದದೆ, ಅವನ ಮಾತಿನಲ್ಲೇ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ