ಚಿತ್ರಸಂತೆಯಲ್ಲಿ ಎತ್ತ ನೋಡಿದರೂ ಅಕ್ರಿಲಿಕ್ ಚಿತ್ರಗಳೇ ಏಕೆ?

ಮುಖ್ಯ ಕಾರಣ, ಆ ಬಣ್ಣ ಒಣಗುವ ವೇಗ. ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗಬೇಕಾದ್ದರಿಂದ ಅದಕ್ಕೆ ದಿನಗಳು, ಲೇಪ ದಪ್ಪವಿದ್ದರೆ ವಾರಗಳೇ ಬೇಕಾಗುತ್ತವೆ. ಅಕ್ರಿಲಿಕ್‌ನಲ್ಲಾದರೋ ನೀರು ಆವಿಯಾದೊಡನೆ ಅದರೊಳಗಿನ ಪ್ಲಾಸ್ಟಿಕ್‌ನ ಸೂಕ್ಷ್ಮ ಕಣಗಳು ಪರಸ್ಪರ ಬೆಸೆದುಕೊಂಡು ಪದರವಾಗುತ್ತವೆ. ತೆಳುಲೇಪಕ್ಕೆ ಅರ್ಧ ಗಂಟೆ ಸಾಕು.

ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆ ಸಾಮಾನ್ಯವಾಗಿ ಒಂದೇ ಭಾನುವಾರದ್ದು. ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಹೋಗುವ ಕಲಾವಿದರು ಹಿಂದಿನ ವಾರ ಮುಗಿಸಿದ ಚಿತ್ರವನ್ನೂ ಅಳುಕಿಲ್ಲದೆ ಒಯ್ಯಬಹುದು, ಕೊಂಡವರು ಅದನ್ನು ಅಂದೇ ಮನೆಗೆ ಕೊಂಡೊಯ್ಯಬಹುದು. ಬುದ್ಧ, ಗಣೇಶರ ಸಣ್ಣ ಕ್ಯಾನ್ವಾಸುಗಳು ಸಾಲುಸಾಲಾಗಿ ಕಾಣುವುದಕ್ಕೂ ಈ ಅನುಕೂಲವೇ ಕಾರಣವೆಂದು ನನ್ನ ಅಭಿಪ್ರಾಯ.

ಮೈಸೂರು ಸಾಂಪ್ರದಾಯಿಕ ಚಿತ್ರ ಇದಕ್ಕೆ ತೀರ ವಿರುದ್ಧವಾದುದು. ಗೆಸ್ಸೋ ಎಂಬ ಅಂಟುಲೇಪದಿಂದ ಆಭರಣಗಳ ಉಬ್ಬನ್ನು ಮೂಡಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸುವ ಆ ಕೆಲಸ ಆತುರವನ್ನು ಸಹಿಸುವುದಿಲ್ಲ. ಅಂತಹ ಚಿತ್ರದ ಬೆಲೆ ಕೇಳಿ ಹಿಂಜರಿಯುವ ಮುನ್ನ, ಅದರ ಹಿಂದಿನ ದಿನಗಳೆಷ್ಟೆಂದು ಕಲಾವಿದರನ್ನೇ ಕೇಳಿ ನೋಡಿ.