ಬಾಕಿ ಸಂಬಳವನ್ನು ಎಲ್ಲಿ ಬಿಟ್ಟಿರಿ?

ಮಾನ್ಯರೇ,

ಪೋಲೆಂಡಿನ ಪೂರ್ವ ಗಡಿಯಲ್ಲಿರುವ ಕ್ರುಶಿನ್ಯಾನಿ ಎಂಬ ಹಳ್ಳಿ, ಅಲ್ಲಿನ ಮರದ ಮಸೀದಿ ಮತ್ತು ಶತಮಾನಗಳ ಹಿಂದೆ ಬಂದು ನೆಲೆಸಿದ ತಾತಾರ್ ಮುಸ್ಲಿಮರ ಕುರಿತು ನೀವು ಕಳುಹಿಸಿದ ಪ್ರವಾಸ ಲೇಖನವನ್ನು ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ವಸ್ತು ಚೆನ್ನಾಗಿರುವುದರಿಂದಲೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳು ಇಸ್ಲಾಮಿನ ಉಗಮಕ್ಕೇ ಮುಗಿದಿವೆ, ತೆಗೆದುಹಾಕಿ. ತಾತಾರರನ್ನು ‘ಆಶ್ರಯ ಬೇಡಿ ಬಂದ ಅಸಹಾಯಕರು’ ಎಂದಿದ್ದೀರಿ. 14ನೇ ಶತಮಾನದ ಕೊನೆಯಲ್ಲಿ ಲಿಥುವೇನಿಯಾದ ದೊರೆ ವೀಟೌಟಾಸ್ ಅವರಿಗೆ ನೆಲೆ ಕೊಟ್ಟದ್ದು ಕುದುರೆಯೇರಿ ಕಾದಾಡಬಲ್ಲವರೆಂದು. 1410ರ ಗ್ರುನ್ವಾಲ್ಡ್ ಕದನದಲ್ಲಿ ಟ್ಯೂಟಾನಿಕ್ ಯೋಧರ (ಜರ್ಮನ್ ಧರ್ಮಯೋಧರ ಪಂಥ) ವಿರುದ್ಧ ಆತನ ಪಡೆಯಲ್ಲಿ ಅವರೂ ಇದ್ದರು.

ಪೋಲೆಂಡ್ ಮತ್ತು ಲಿಥುವೇನಿಯಾ ಒಂದೇ ರಾಜ್ಯವಾದ ಮೇಲೆ ಅದರ ಸೇನೆಯಲ್ಲಿದ್ದ ತಾತಾರರಿಗೆ ಬರಬೇಕಿದ್ದ ಸಂಬಳದ ಬಾಕಿಯಲ್ಲೇ ನಿಮ್ಮ ಕಥೆಯ ತಿರುಳಿದೆ. ಅದಕ್ಕೆ ಒಂದೇ ವಾಕ್ಯ ಕೊಟ್ಟು, ಸೌಹಾರ್ದಕ್ಕೆ ಮೂರು ಪ್ಯಾರಾ ಸುರಿದಿದ್ದೀರಿ. ಸಂಬಳ ನಿಂತು, ಹಕ್ಕುಗಳಿಗೂ ಕತ್ತರಿ ಬಿದ್ದಾಗ 1672ರಲ್ಲಿ ಹಲವು ತಾತಾರ್ ತುಕಡಿಗಳು ದಂಗೆಯೆದ್ದು ಆಟೊಮನ್ ಸುಲ್ತಾನನ ಕಡೆ ಸೇರಿದವು. ಅನೇಕರು ಆಮೇಲೆ ಮರಳಿದರು. 1679ರಲ್ಲಿ ಪೋಲೆಂಡಿನ ರಾಜ ಯಾನ್ ಸೋಬಿಯೆಸ್ಕಿ ಬಾಕಿ ಹಣದ ಬದಲು ಕ್ರುಶಿನ್ಯಾನಿ, ಬೊಹೊನಿಕಿ ಎಂಬ ಹಳ್ಳಿಗಳಲ್ಲಿ ಜಮೀನು ಕೊಟ್ಟ. ನಾಲ್ಕೇ ವರ್ಷಗಳಲ್ಲಿ, ವಿಯೆನ್ನಾ ಕದನದಲ್ಲಿ, ಸುಲ್ತಾನನ ಸೇನೆಯ ವಿರುದ್ಧ ಅದೇ ರಾಜನ ಪರವಾಗಿ ತಾತಾರರು ಹೋರಾಡಿದರು. ಲೇಖನ ಇಲ್ಲಿಂದಲೇ ಶುರುವಾಗಲಿ. ಧರ್ಮಕ್ಕೆ ನಿಷ್ಠೆಯೋ ದೊರೆಗೆ ನಿಷ್ಠೆಯೋ ಎಂದು ಕೇಳುವವರಿಗೆ ಈ ಲೆಕ್ಕಪತ್ರ ಸಾಕು.

‘ಚರ್ಚಿನಂತೆ ಕಂಡರೆ ಸುರಕ್ಷಿತವೆಂದು ಮಸೀದಿಗೆ ಎರಡು ಗೋಪುರ ಕಟ್ಟಿದರು’ ಎಂದು ನಿಮಗೆ ಹೇಳಿದವರು ಯಾರು? ಆ ಸೀಮೆಯ ಮರದ ಚರ್ಚುಗಳ ಕಟ್ಟೋಣವೇ ಹಾಗೆ. ಇಲ್ಲದ ಭಯವನ್ನು ಊಹಿಸಿ, ಇದ್ದದ್ದನ್ನು ಬಿಟ್ಟಿದ್ದೀರಿ: 2014ರಲ್ಲಿ ಯಾರೋ ಇದೇ ಮಸೀದಿಯ ಗೋಡೆಗೆ ಹಂದಿಯ ಚಿತ್ರ ಬಳಿದು ಹೋದರು. ಅದರ ಪಕ್ಕಕ್ಕೇ 2021ನ್ನು ಇಡಿ. ಬೆಲಾರುಸ್ ಗಡಿ ದಾಟುವಾಗ ಸತ್ತ ವಲಸಿಗರನ್ನು ಬೊಹೊನಿಕಿಯ ತಾತಾರರು ತಮ್ಮ ಖಬರಸ್ಥಾನದಲ್ಲಿ ಮಣ್ಣು ಮಾಡಿದರು; ಗಡಿ ಕಾಯುತ್ತಿದ್ದ ಪೋಲಿಷ್ ಸೈನಿಕರಿಗೂ ಸೂಪ್ ಮಾಡಿ ಕಳುಹಿಸಿದರು. ದಯವಿಟ್ಟು ನಡುವೆ ವ್ಯಾಖ್ಯಾನ ತುರುಕಬೇಡಿ.

ಹಸ್ತಪ್ರತಿಗಳ ಭಾಗ ಚೆನ್ನಾಗಿದೆ, ಹಾಗೇ ಉಳಿಯಲಿ. ಸ್ವಂತ ಭಾಷೆ ಮರೆತುಹೋದ ಮೇಲೆ ಬೆಲರೂಸಿ, ಪೋಲಿಷ್ ಮಾತುಗಳನ್ನು ಅರಬ್ಬಿ ಲಿಪಿಯಲ್ಲಿ ಬರೆದಿಟ್ಟ ಜನ ಈ ತಾತಾರರು. ಕನ್ನಡ ಲಿಪಿಯಲ್ಲಿ ಕೊಂಕಣಿ ಪ್ರಾರ್ಥನೆ ಓದುವ ಮಂಗಳೂರಿನ ಕ್ರೈಸ್ತರನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಕೊನೆಗೆ ಶಿಶುನಾಳ ಶರೀಫರನ್ನು ಏಕೆ ಎಳೆತಂದಿರಿ? ಅವರಿಗೂ ಕ್ರುಶಿನ್ಯಾನಿಗೂ ಯಾವ ಸಂಬಂಧ?

ನೀವು ಮಸೀದಿಯ ಒಳಗೆ ಹೋಗಿದ್ದೀರಿ. ಹಲಗೆ ಗೋಡೆ, ಹೆಂಗಸರ ನಮಾಜಿನ ಭಾಗ, ಬಾಗಿಲು ತೆರೆದವರ ಮಾತು, ಇವು ಒಂದು ಪುಟವಾದರೂ ಬರಲಿ. ಪ್ರಸಿದ್ಧ ಇತಿಹಾಸವನ್ನು ನಾವೇ ಹುಡುಕಿಕೊಳ್ಳಬಹುದು, ಇದನ್ನು ನೀವೇ ಕೊಡಬೇಕು.

1,200 ಪದ ಮೀರದಂತೆ ತಿದ್ದಿ ಕಳುಹಿಸಿ. ಫೋಟೊಗಳಲ್ಲಿ ನೀವೇ ನಿಂತಿರುವವನ್ನು ಬಿಟ್ಟು ಉಳಿದವನ್ನು ಇಟ್ಟುಕೊಂಡಿದ್ದೇನೆ.

ಇಂತು,
ಸಂಪಾದಕ